ಎರಡು ಗಾಲಿಯೋ ನಾಲ್ಕು ಗಾಲಿಯೋ

ಹೋದ ವಾರ ಬೆಳಿಗ್ಗೆ ಶಾಲೆಗೆ ಹೊರಟಾಗ ಇಟಗಿ ಕಡೆಯ ರಸ್ತೆಯ ಅರ್ಧಕ್ಕೆ ಹೆಸರು ಹರವಿದ್ದರು. ಕಿತ್ತು ಒಣಗಿಸಿದ ಹೆಸರಿನ ಗಿಡವನ್ನು ಡಾಂಬರಿನ ಮೇಲೆ ಹಾಸಿ, ಹೋಗುವ ಬರುವ ಗಾಡಿಗಳಿಂದಲೇ ಒಕ್ಕಿಸಿಕೊಳ್ಳುವುದು ನಮ್ಮ ಕಡೆ ಶ್ರಾವಣದಲ್ಲಿ ಎಲ್ಲರೂ ಮಾಡುವ ಕೆಲಸ. ಗಾಲಿಗೆ ಸಿಕ್ಕಿ ಕಾಯಿ ಬಿರಿದಾಗ ಒಂದು ವಾಸನೆ ಏಳುತ್ತದೆ. ಅರ್ಧ ಹಸಿ ಹುಲ್ಲಿನದು, ಅರ್ಧ ಬಿಸಿಲಿಗೆ ಕಾದ ಕಾಳಿನದು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಕೈ ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಹೆಸರಿನ ರಾಶಿಯ ಪಕ್ಕದಲ್ಲಿ ನಾನು ಬಿದ್ದಿದ್ದೆ. ನಾನು ತಲೆ ಎತ್ತಿ ಹೇಳಿಕೊಳ್ಳುವ ವರ್ಷ ಒಂದಿದ್ದರೆ ಅದು ಆ ಬಿದ್ದ ವರ್ಷವೇ.

ನಾನು ಗಿರಿಜಾ, ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ. ಸಣ್ಣವಳಿದ್ದಾಗ ಪೋಲಿಯೊ ಬಂದು ಎಡಗಾಲು ತೆಳ್ಳಗಾಯಿತು. ಮಗ್ಗದ ಕುಣಿಗೆ ಇಳಿದು ತುಳಿಯಲು ಎರಡೂ ಕಾಲು ಬೇಕು. ಅದಕ್ಕೆ ನನ್ನ ಪಾಲಿಗೆ ಬಂದದ್ದು ನೂಲಿನ ಕಂಡಿಕೆ ಸುತ್ತುವ ಕೆಲಸ ಮತ್ತು ಓದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಲ್ಲಪ್ಪ ಮಗ್ಗಕ್ಕೆ ಕೂತ, ನಾನು ಓದಿ ಮಾಸ್ತರಿಕೆ ಹಿಡಿದೆ. ಕೆಲಸ ಸಿಕ್ಕಿದ್ದು ಇಟಗಿಯ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ. ಕೆಲಸಕ್ಕಿಂತ ಅಲ್ಲಿಗೆ ಹೋಗಿ ಬರುವುದೇ ದೊಡ್ಡ ಕೆಲಸವಾಗಿತ್ತು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಯಾರಾದರೂ ರಟ್ಟೆ ಹಿಡಿದು ಎತ್ತಬೇಕು. ಕೆಲವರು ಅಕ್ಕರೆಯಿಂದ ಎತ್ತುತ್ತಿದ್ದರು, ಕೆಲವರು ಜೋಳದ ಚೀಲ ಎತ್ತಿದ ಹಾಗೆ ಎತ್ತುತ್ತಿದ್ದರು. ಎತ್ತಿದ ಮೇಲೆ "ಪಾಪ" ಅನ್ನುತ್ತಿದ್ದರು. ಎತ್ತಿಸಿಕೊಳ್ಳುವುದನ್ನು ಹೇಗೋ ಸಹಿಸುತ್ತಿದ್ದೆ, ಆ "ಪಾಪ" ಮಾತ್ರ ಸಂಜೆಯವರೆಗೂ ಕಿವಿಯಲ್ಲಿ ಕೂತಿರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ನಾನು ಗೇರಿಲ್ಲದ ಒಂದು ಸ್ಕೂಟರ್ ಕೊಂಡೆ. ಬಸ್ ನಿಲ್ದಾಣದ ಹಿಂದೆ ಗ್ಯಾರೇಜ್ ಇಟ್ಟಿದ್ದ ದಾವಲಸಾಬಣ್ಣ ಅದರ ಹಿಂದಿನ ಗಾಲಿಯ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಕೂಡಿಸಿ, ಒಂದೊಂದು ಗಾಲಿ ಹಾಕಿಕೊಟ್ಟ. ನಮ್ಮ ಓಣಿಯಲ್ಲಿ ಅವಕ್ಕೆ ಬಾಜೂ ಗಾಲಿ ಎಂದೇ ಹೆಸರಾಯಿತು. ಮೊದಲ ದಿನ ಕೋಟೆಯ ಗುಡ್ಡದ ಬುಡದ ಬಯಲಿನಲ್ಲಿ ಕೂತು ಆಕ್ಸಿಲರೇಟರ್ ತಿರುವಿದೆ. ಗಾಡಿ ಮುಂದೆ ಹೋಯಿತು, ಬೀಳಲಿಲ್ಲ. ಮುಖಕ್ಕೆ ಗಾಳಿ ಬಡಿಯಿತು. ನನ್ನ ಮನಸ್ಸು ಬಂದ ಕಡೆ, ಮನಸ್ಸು ಬಂದಷ್ಟು ಜೋರಾಗಿ ಹೋಗುವುದು ಎಂದರೆ ಏನೆಂದು ಮೂವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು. ಅವ್ವ ಬಯಲಿನ ಅಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಂದು ಸುತ್ತು ಮುಗಿಸಿ ಬಂದಾಗ "ಇನ್ನೊಮ್ಮಿ ಹೋಗಿ ಬಾರವ್ವಾ, ಮತ್ತ ನೋಡ್ತೀನಿ" ಅಂದಳು.

ಕಾಗದಪತ್ರದ ವಿಷಯದಲ್ಲಿ ನಾನು ಉದಾಸೀನ ಮಾಡಿರಲಿಲ್ಲ. ವೈದ್ಯರ ಪ್ರಮಾಣಪತ್ರ ಇಟ್ಟುಕೊಂಡು ಸಾರಿಗೆ ಕಚೇರಿಗೆ ಹೋಗಿ, ಅಲ್ಲಿಯ ಅಂಗಳದಲ್ಲಿ ಗಾಡಿ ಓಡಿಸಿ ತೋರಿಸಿ, ಅಂಗವಿಕಲರ ವಾಹನ ಎಂದು ಬರೆದ ಲೈಸನ್ಸ್ ತೆಗೆದುಕೊಂಡಿದ್ದೆ. ಗಾಡಿಯ ನೋಂದಣಿ ಮಾತ್ರ ದ್ವಿಚಕ್ರ ವಾಹನ ಎಂದೇ ಉಳಿದಿತ್ತು. ಬಾಜೂ ಗಾಲಿಯನ್ನು ಅದರಲ್ಲಿ ಸೇರಿಸಲು ಅರ್ಜಿ ಕೊಟ್ಟಾಗ, ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದ್ದಾದರೆ ಇನ್ಸ್‌ಪೆಕ್ಟರ್ ನೋಡಿ ಒಪ್ಪಬೇಕು, ಕರೆದಾಗ ತನ್ನಿ ಎಂದಿದ್ದರು. ಕರೆಗಾಗಿ ಕಾಯುತ್ತಿದ್ದೆ. ಹೀಗೆ ನನ್ನ ಕೈಯಲ್ಲಿ ಎರಡು ಕಾರ್ಡುಗಳಿದ್ದವು. ಗಾಡಿ ಎರಡು ಗಾಲಿಯದು ಎಂದು ಒಂದು ಹೇಳುತ್ತಿತ್ತು. ಇವಳು ಎರಡು ಗಾಲಿಯದನ್ನು ಓಡಿಸುವವಳಲ್ಲ ಎಂದು ಇನ್ನೊಂದು ಹೇಳುತ್ತಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಎರೆ ಭೂಮಿಯ ರಸ್ತೆಯಲ್ಲಿ ಮಳೆಗಾಲದ ಸವಾರಿ ಸುಲಭದ್ದಲ್ಲ. ಅಂಟು ಮಣ್ಣು ಬಾಜೂ ಗಾಲಿಗೆ ಮೆತ್ತಿ ರೊಟ್ಟಿಯ ಹಿಟ್ಟಿನ ಹಾಗೆ ದಪ್ಪಗಾಗುತ್ತಿತ್ತು. ಒಂದು ಕೋಲು ಜೊತೆಗೇ ಇಟ್ಟುಕೊಂಡು ಕೆರೆಯುತ್ತಿದ್ದೆ. ಆದರೂ ಪ್ರಾರ್ಥನೆಗೆ ಮೊದಲೇ ಶಾಲೆಯಲ್ಲಿರುತ್ತಿದ್ದೆ. ಊರ ಹೊರಗೆ ಮಕ್ಕಳು ಕಾದು ನಿಂತು "ಅಕ್ಕೋರ ಬಂದ್ರು! ಅಕ್ಕೋರ ಬಂದ್ರು!" ಎಂದು ಗಾಡಿಯ ಜೊತೆ ಓಡುತ್ತಿದ್ದರು. ಆ ತಿಂಗಳುಗಳಲ್ಲಿ ಯಾರೂ ನನ್ನ ರಟ್ಟೆ ಹಿಡಿಯಲಿಲ್ಲ.

ಹೆಸರಿನ ಸುಗ್ಗಿ ಬಂತು. ಒಂದು ಸಂಜೆ ಶಾಲೆ ಬಿಟ್ಟು ಬರುತ್ತಿದ್ದೆ. ನನ್ನ ಎಡಬದಿ ಖಾಲಿಯಿತ್ತು, ಬಲಬದಿಗೆ ಹೆಸರು ಹರವಿದ್ದರು. ಎದುರಿನಿಂದ ಉಳ್ಳಾಗಡ್ಡಿ ಚೀಲ ತುಂಬಿದ ಟೆಂಪೋ ಬಂತು. ಅದರ ಚಾಲಕ ರಾಶಿಯ ಮೇಲೆ ಹಾಯಿಸದೆ ಪಕ್ಕಕ್ಕೆ ಕತ್ತರಿಸಿ ನನ್ನ ಬದಿಗೆ ಬಂದ. ನಾನು ಆದಷ್ಟು ಅಂಚಿಗೆ ಸರಿದೆ. ಅವನ ಗಾಡಿಯ ಹಿಂಭಾಗ ನನ್ನ ಬಾಜೂ ಗಾಲಿಗೆ ತಾಗಿತು. ಮರುಗಳಿಗೆಯಲ್ಲಿ ನಾನು ರಸ್ತೆಯ ಪಕ್ಕದ ಕೆಸರಿನಲ್ಲಿದ್ದೆ. ಮೊಣಕೈ ಕಿತ್ತಿತ್ತು, ತಲೆಗೆ ಹೆಲ್ಮೆಟ್ ಇತ್ತು. ಟೆಂಪೋ ಮುಂದೆ ಹೋಗಿ ಒಂದು ಕಲ್ಲಿಗೆ ಬಡಿದು ದೀಪ ಒಡೆದುಕೊಂಡು ನಿಂತಿತು.

ಚಾಲಕ ಹಣಮಂತ ನರಗುಂದದವನು, ಇನ್ನೂ ಮೀಸೆ ದಟ್ಟವಾಗದ ವಯಸ್ಸು. ಓಡಿ ಬಂದು ನನ್ನನ್ನು ಎತ್ತಿ ಕೂಡ್ರಿಸಿದ. ಪೆಟ್ಟು ದೊಡ್ಡದಲ್ಲ ಎಂದು ಗೊತ್ತಾದ ಮೇಲೆ ಅವನ ದನಿ ಏರಿತು.

"ಏನ್ರಿ ಅಕ್ಕಾರ, ಸ್ಕೂಟರ್ ಬರಾಕತ್ತೈತಿ ಅಂತ ಸ್ಕೂಟರಿನಷ್ಟ ಜಾಗಾ ಬಿಟ್ಟಿದ್ನಿ. ಹಿಂದ ನೋಡಿದ್ರ ನಾಕ ಗಾಲಿ ಅದಾವ! ನಂಗ ಹ್ಯಾಂಗ ಗೊತ್ತಾಗಬೇಕು?"

ಠಾಣೆಯಲ್ಲೂ ಅವನು ಅದನ್ನೇ ಹೇಳಿದ. ಸಾಹೇಬರು ನನ್ನ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಒರಟು ಮನುಷ್ಯರೇನಲ್ಲ, ಕುರ್ಚಿ ಹಾಕಿಸಿ ಚಹಾ ತರಿಸಿದ್ದರು.

"ಅಕ್ಕೋರ, ನಿಮ್ಮ ಲೈಸನ್ಸಿನ್ಯಾಗ ಒಂದು ಗಾಡಿ ಐತಿ, ನೋಂದಣಿಯೊಳಗ ಇನ್ನೊಂದು ಗಾಡಿ ಐತಿ. ನೀವು ತಂದದ್ದು ಯಾವುದಂತ ತಿಳಕೊಳ್ಳಲಿ ನಾನು?"

ಕೊನೆಗೆ ಇಬ್ಬರ ಮೇಲೂ ಕೇಸಾಯಿತು. ಹಣಮಂತನ ಮೇಲೆ ಅಜಾಗರೂಕತೆಯದು. ನನ್ನ ಮೇಲೆ ಅದರ ಜೊತೆಗೆ ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದ್ದು. ನನ್ನ ಸ್ಕೂಟರ್ ಠಾಣೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತಿತು.

ಮಾರನೆಯ ದಿನದಿಂದ ಮತ್ತೆ ಬಸ್ಸು, ಮತ್ತೆ ರಟ್ಟೆ, ಮತ್ತೆ "ಪಾಪ". ನೋಡಿದವರೆಲ್ಲ ಒಂದೇ ಬುದ್ಧಿ ಹೇಳಿದರು. ತಪ್ಪಾಯಿತು ಎಂದು ಒಪ್ಪಿಕೊಂಡು ದಂಡ ಕಟ್ಟಿ ಕೈ ತೊಳೆದುಕೊಳ್ಳಬೇಕಂತೆ. ಮಲ್ಲಪ್ಪಣ್ಣನಂತೂ ಮಗ್ಗದಿಂದ ಎದ್ದು ಬಂದು ನನ್ನ ಎದುರಿಗೆ ಕೂತ.

"ಸಣ್ಣ ಕೇಸು, ಗಿರಿಜಾ. ಒಪ್ಕೊಂಡ್ರ ಒಂದ ಮುಂಜಾನಿ ಕೆಲಸ. ಆ ಗಾಲಿ ಬಿಚ್ಚಿಸಿ ಗಾಡಿ ಮಾರಿಬಿಡೂಣು. ಮೊದಲಿನಂಗ ನಾ ಬಸ್ಸಿಗೆ ಹತ್ತಿಸಿ ಬರ್ತೀನಿ."

"ಏನಂತ ಒಪ್ಕೊಳ್ಳಲಿ ಅಣ್ಣಾ?"

"ತಪ್ಪು ಮಾಡೀನಿ ಅಂತ."

"ಯಾವ ತಪ್ಪು? ನನ್ನ ಬದಿಗೆ ನಾ ಹೊಂಟಿದ್ನಿ. ಅರ್ಜಿ ಕೊಟ್ಟಿದ್ನಿ. ಇವತ್ತ ನಾ ತಪ್ಪು ಅಂತ ಬರಕೊಟ್ರ, ನಾಳೆ ನನ್ನಂಥವರು ಯಾರರೆ ಗಾಡಿ ತಂದ್ರ, 'ಆ ಅಕ್ಕೋರು ತಾವ ಒಪ್ಕೊಂಡಾರ, ಇದು ಕಾನೂನಿನ್ಯಾಗ ಇಲ್ಲ' ಅಂತ ನನ್ನ ಹೆಸರ ಹೇಳ್ತಾರ."

ಅಣ್ಣ ಅವ್ವನ ಕಡೆ ನೋಡಿದ. ಅವ್ವ ನೂಲಿನ ರಾಟೆ ನಿಲ್ಲಿಸಿ ಹೇಳಿದಳು. "ಮಲ್ಲೂ, ಆಕಿ ಗಾಡಿ ಮ್ಯಾಲ ಕುಂತಾಗ ಆಕಿ ಮಾರಿ ನೋಡೀದೇನು ನೀನು? ನಾ ನೋಡೀನಿ. ನೀ ಸುಮ್ನಿರು."

ಮಾರನೆಯ ದಿನ ಅಣ್ಣ ಮಗ್ಗ ನಿಲ್ಲಿಸಿ ನನ್ನ ಜೊತೆ ರೋಣಕ್ಕೆ ಬಂದ.

ರೋಣದ ಕೋರ್ಟಿನಲ್ಲಿ ಹಿರೇಮಠ ವಕೀಲರನ್ನು ಕಂಡೆವು. ಅವರೂ ಮೊದಲು ಒಪ್ಪಿಕೊಳ್ಳುವ ಮಾತನ್ನೇ ಆಡಿದರು. ಅಣ್ಣನಿಗೆ ಹೇಳಿದ್ದನ್ನು ನಾನು ಅವರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೋಡವ್ವಾ, ಕಂಪನಿ ಮಾಡಿದ ಗಾಡಿ ಮನಸ್ಸಿಗೆ ಬಂದಂಗ ಬದಲಾಯಿಸೂದು ತಪ್ಪು ಅಂತ ಕಾಯ್ದೆ ಹೇಳತೈತಿ. ಅದ ಕಾಯ್ದೆ ಅಂಗವಿಕಲರಿಗೆ ಅನುಕೂಲ ಆಗೂವಂಗ ಬದಲಾಯಿಸಾಕ ದಾರಿನೂ ಇಟ್ಟೈತಿ. ನೀ ಆ ದಾರಿ ಹಿಡದಿ, ಖರೇ. ಆದರ ಊರು ಮುಟ್ಟೂಕಿಂತ ಮೊದ್ಲ ಗಾಡಿ ರಸ್ತೆಗೆ ತಂದಿ. ಅಷ್ಟರ ಮಟ್ಟಿಗೆ ನಿಂದೂ ಐತಿ. ಉಳಿದದ್ದು ನಿಂದಲ್ಲ. ಎರಡನ್ನೂ ಬ್ಯಾರೆ ಬ್ಯಾರೆ ಮಾಡಿ ಹೇಳೂಣೇನು?"

"ಹಂಗ ಹೇಳ್ರಿ ಸರ್" ಅಂದೆ. ಅಷ್ಟು ದಿನದಲ್ಲಿ ಮೊದಲ ಸಲ ಒಬ್ಬರು ನನ್ನ ವಿಷಯವನ್ನು ಕಾಲಿನಿಂದ ಶುರು ಮಾಡದೆ ಕಾನೂನಿನಿಂದ ಶುರು ಮಾಡಿದ್ದರು. ಮನಸ್ಸಿಗೆ ಹಿತವೆನಿಸಿತು.

ಅವರು ಹಾಕಿದ ಅರ್ಜಿಯ ಮೇಲೆ, ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಪರೀಕ್ಷಿಸಿ ವರದಿ ಕೊಡಬೇಕು ಎಂದು ಕೋರ್ಟು ಹೇಳಿತು; ಅಲ್ಲಿಯವರೆಗೆ ರಸ್ತೆಯಲ್ಲಿ ಓಡಿಸಬಾರದು ಎಂಬ ಷರತ್ತಿನ ಮೇಲೆ ಗಾಡಿಯನ್ನು ನನ್ನ ವಶಕ್ಕೆ ಬಿಟ್ಟಿತು. ನಮ್ಮ ಜನ ಆ ನಿರೀಕ್ಷಕರನ್ನು ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಗಣಪತಿ ಹಬ್ಬ ಮುಗಿದ ಮೇಲೆ ರೋಣದಲ್ಲಿ ಅವರ ಕ್ಯಾಂಪ್ ಇತ್ತು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೇರಿಕೊಂಡು ಗಾಡಿಯನ್ನು ಬಯಲಿಗೆ ತಂದೆವು. ದಾವಲಸಾಬಣ್ಣ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

ಇನ್ಸ್‌ಪೆಕ್ಟರ್ ನಿವೃತ್ತಿಯ ಅಂಚಿನಲ್ಲಿದ್ದವರು. ನೆಲದ ಮೇಲೆ ಗೋಣಿಚೀಲ ಹಾಸಿ, ಮಲಗಿ, ಟಾರ್ಚಿನ ಬೆಳಕು ಬಿಟ್ಟು ಗಾಡಿಯ ಹೊಟ್ಟೆಯನ್ನೆಲ್ಲ ನೋಡಿದರು. ಎದ್ದು ಅಂಗಿ ಝಾಡಿಸಿಕೊಂಡರು.

"ಬೆಸುಗಿ ಯಾರು ಹಾಕಿದ್ದು?"

"ನಾನ ರಿ ಸಾಹೇಬ್ರ" ಅಂದ ದಾವಲಸಾಬಣ್ಣ.

"ಗಟ್ಟಿ ಐತಿ. ಆದರ ಸ್ಪ್ರಿಂಗ್ ಇಲ್ಲ. ಬಾಜೂ ಗಾಲಿ ಎರಡೂ ದಿಬ್ಬದ ಮ್ಯಾಲ ಇದ್ದು ನಡುವಿನ ಗಾಲಿ ತಗ್ಗಿನಾಗ ಬಂದ್ರ ಏನಾಗತೈತಿ?"

ದಾವಲಸಾಬಣ್ಣ ನನ್ನ ಕಡೆ ನೋಡಿದ. ನನಗೆ ಅದು ಗೊತ್ತಿತ್ತು. "ನಡುವಿನ ಗಾಲಿ ನೆಲಾ ಬಿಡತೈತ್ರಿ ಸರ್. ಸುಮ್ನ ತಿರಗತೈತಿ. ಒಂದೆರಡ ಸಲ ಆಗೇತಿ."

"ಆಗ ಹಿಂದಿನ ಬ್ರೇಕ್ ಹಿಡದ್ರೂ ಗಾಡಿ ನಿಲ್ಲೂದಿಲ್ಲ. ಅದನ್ನ ನೋಡಾಕ ನಾವಿರೂದು, ನಿಮಗ ತ್ರಾಸ ಕೊಡಾಕಲ್ಲ. ಸ್ಪ್ರಿಂಗ್ ಕೂಡಸ್ರಿ. ಹಿಂದ ಕೆಂಪು ರೇಡಿಯಂ ಪಟ್ಟಿ ಹಚ್ರಿ, ಅಗಲ ಎಷ್ಟಂತ ಬರೂವವರಿಗೆ ದೂರದಿಂದ ಕಾಣಬೇಕು. ಮುಂದಿನ ಕ್ಯಾಂಪಿಗೆ ತರ್ರಿ."

ಬೇಸರವಾಗಬೇಕಾಗಿತ್ತು, ಆಗಲಿಲ್ಲ. ಗಾಡಿಯನ್ನು ಬಿಚ್ಚಿಹಾಕಿರಿ ಎಂದು ಅವರು ಹೇಳಲಿಲ್ಲವಲ್ಲ, ಸರಿ ಮಾಡಿ ತನ್ನಿ ಎಂದರು. ದಾವಲಸಾಬಣ್ಣ ಹಳೆಯ ಚೌಕಟ್ಟು ಕತ್ತರಿಸಿ ಹೊಸದಾಗಿ ಸ್ಪ್ರಿಂಗ್ ಕೂಡಿಸಿದ. ಒಮ್ಮೆ ಬಿಗಿಯಾಯಿತು, ಇನ್ನೊಮ್ಮೆ ಸಡಿಲಾಯಿತು. ಪ್ರತಿ ಸಲವೂ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ನಾನೇ ಓಡಿಸಿ ನೋಡಿ "ಇನ್ನಾ ಸ್ವಲ್ಪ ಎಡಕ್ಕ ಎಳಿತೈತಣ್ಣಾ" ಎನ್ನುತ್ತಿದ್ದೆ. ಅವನು ಗೊಣಗದೆ ಮತ್ತೆ ಬಿಚ್ಚುತ್ತಿದ್ದ.

ಮಹಾನವಮಿಯ ಹೊತ್ತಿಗೆ ಎರಡನೆಯ ಕ್ಯಾಂಪ್ ಬಂತು. ಈ ಸಲ ಇನ್ಸ್‌ಪೆಕ್ಟರ್ ಬಯಲಿನ ಸಪಾಟು ಜಾಗ ಬಿಟ್ಟು, ಮಳೆಗೆ ಕೊರೆದುಹೋದ ಮೂಲೆಯನ್ನು ತೋರಿಸಿದರು. "ಅಲ್ಲಿಂದ ಹೊಡ್ಕೊಂಡ ಬರ್ರಿ."

ಸುತ್ತ ಲೈಸನ್ಸಿಗೆ ಬಂದ ಹುಡುಗರೆಲ್ಲ ತಮ್ಮ ಬೈಕು ನಿಲ್ಲಿಸಿ ನೋಡುತ್ತಿದ್ದರು. ನಾನು ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಹಾಕಿದ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಹೊರಟೆ. ಮೊದಲ ತಗ್ಗಿನಲ್ಲಿ ಗಾಡಿ ಬಾಗಿತು, ಸ್ಪ್ರಿಂಗ್ ಒತ್ತಿಕೊಂಡಿತು, ನಡುವಿನ ಗಾಲಿ ನೆಲ ಬಿಡಲಿಲ್ಲ. ಎರಡನೆಯ ತಗ್ಗಿನಲ್ಲಿ ಬೇಕೆಂದೇ ಬ್ರೇಕ್ ಹಿಡಿದೆ. ಗಾಡಿ ಇದ್ದಲ್ಲೇ ನಿಂತಿತು. ಮತ್ತೆ ಆಕ್ಸಿಲರೇಟರ್ ತಿರುವಿ ದಿಬ್ಬ ಹತ್ತಿ, ಇನ್ಸ್‌ಪೆಕ್ಟರರ ಮುಂದೆ ಬಂದು ಎಂಜಿನ್ ಆರಿಸಿದೆ. ಹುಡುಗರಲ್ಲಿ ಯಾರೋ ಸೀಟಿ ಹೊಡೆದರು. ಅದು ಅಣಕದ ಸೀಟಿ ಆಗಿರಲಿಲ್ಲ. ದಾವಲಸಾಬಣ್ಣ ಆ ಬಿಳಿ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡ.

ಇನ್ಸ್‌ಪೆಕ್ಟರ್ ಗಾಡಿ ಸರಿಯಿದೆ ಎಂದು ಬರೆಯುತ್ತ ಕೂತಾಗ ನಾನು ಅಳುಕುತ್ತಲೇ ಕೇಳಿದೆ. "ಸರ್, ಇದರ ಮ್ಯಾಲ ಹಿಂದ ಒಬ್ರನ್ನ ಕೂಡ್ರಿಸ್ಕೊಂಡು ಹೋಗಬಹುದೇನ್ರಿ? ಅಂಗವಿಕಲರ ಗಾಡಿ ಅಂದ್ರ ಒಬ್ರಿಗೇ ಅಂತ ಯಾರೋ ಹೇಳಿದ್ರು."

"ಯಾರನ್ನ ಕೂಡ್ರಿಸಬೇಕು?"

"ನಮ್ಮವ್ವನ್ನ."

ಅವರು ತಲೆ ಎತ್ತಿದರು. "ಗಾಡಿ ನಿಮ್ಮ ಸಲುವಾಗಿ ಇರೂದು. ನಿಮ್ಮ ಬದಲಿ ಇನ್ಯಾರಿಗೋ ಹೊಡಿಯಾಕ ಕೊಡಬ್ಯಾಡ್ರಿ. ಬಾಡಿಗಿಗೆ ಬಿಡಬ್ಯಾಡ್ರಿ. ಸೀಟು ಎರಡಂತ ನೋಂದಣಿಯೊಳಗ ಐತಿ, ಎರಡ ಇರತೈತಿ. ಅವ್ವಗೂ ಒಂದು ಹೆಲ್ಮೆಟ್ ತಗೋರಿ."

ಸಂಕ್ರಾಂತಿಗೆ ಮೊದಲು ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ನಡೆಯಿತು. ಹಣಮಂತ ಕಟಕಟೆಯಲ್ಲಿ ನಿಂತು ಮತ್ತೆ ಅದೇ ಮಾತು ಹೇಳಿದ. ತಾನು ಎರಡು ಗಾಲಿಯ ಗಾಡಿಗೆ ಆಗುವಷ್ಟು ಜಾಗ ಬಿಟ್ಟಿದ್ದೆ ಎಂದ. ಹಿರೇಮಠ ವಕೀಲರು ಮೆಲ್ಲಗೆ ಎದ್ದರು.

"ಎದುರಿಗೆ ಎತ್ತಿನ ಚಕ್ಕಡಿ ಬಂದಿದ್ರ ಎಷ್ಟ ಬಿಡ್ತಿದ್ದಿ?"

"ಚಕ್ಕಡಿಗೆ ಎಷ್ಟ ಬೇಕೋ ಅಷ್ಟ ಬಿಡ್ತಿದ್ನಿರಿ. ಚಕ್ಕಡಿ ಎಷ್ಟ ಅಗಲ ಅಂತ ಕಣ್ಣಿಗೆ ಕಾಣತೈತಲ್ರಿ."

"ಹಗಲ ಹೊತ್ತು, ನೆಟ್ಟಗಿನ ರಸ್ತೆ. ಈ ಗಾಡಿಯ ಅಗಲ ಕಣ್ಣಿಗೆ ಕಾಣಲಿಲ್ಲೇನು?"

ಹಣಮಂತ ನನ್ನ ಕಡೆ ನೋಡಿದ, ಆಮೇಲೆ ನೆಲ ನೋಡಿದ. "ಹೆಸರಿನ ರಾಶಿ ನೋಡಾಕತ್ತಿದ್ನಿರಿ" ಅಂದ. ಸುಳ್ಳು ಹೇಳುವ ಹುಡುಗ ಅವನಾಗಿರಲಿಲ್ಲ.

ತೀರ್ಪಿನ ದಿನ ಅವ್ವನೂ ಬಂದಿದ್ದಳು. ನ್ಯಾಯಾಧೀಶರು ಎರಡೂ ವಿಷಯಗಳನ್ನು ಬೇರೆ ಬೇರೆಯಾಗಿಯೇ ಹೇಳಿದರು. ನಾನು ಅಜಾಗರೂಕತೆಯಿಂದ ಓಡಿಸಿದೆ ಎಂಬುದಕ್ಕೆ ಆಧಾರವಿಲ್ಲ, ಆ ಆರೋಪದಿಂದ ಬಿಡುಗಡೆ. ಅಂಗವಿಕಲರೊಬ್ಬರು ತಮ್ಮ ಅನುಕೂಲಕ್ಕೆ ಗಾಡಿಯನ್ನು ಬದಲಾಯಿಸಿಕೊಳ್ಳುವುದು ತಪ್ಪಲ್ಲ, ಈಗ ಅದು ನೋಂದಣಿಯಲ್ಲೂ ಸೇರಿದೆ. ಆದರೆ ಸೇರುವ ಮೊದಲೇ ರಸ್ತೆಗೆ ತಂದದ್ದಕ್ಕೆ ಒಂದು ಸಣ್ಣ ದಂಡ. "ಇದರ ಬಗ್ಗೆ ಏನಾದರೂ ಹೇಳುವುದಿದೆಯೇ?" ಎಂದು ಕೇಳಿದರು.

"ಕಾಗದ ಮುಗಿಯೂಕಿಂತ ಮೊದ್ಲ ತಂದಿದ್ದು ಖರೇ ಐತ್ರಿ ಸ್ವಾಮಿ. ಅದಕ್ಕ ದಂಡ ಕಟ್ತೀನಿ. ಗಾಡಿ ಹೊಡದಿದ್ದಕ್ಕ ಕಟ್ಟಂಗಿಲ್ಲಂತ ಹೇಳಿದ್ರಲ್ರಿ, ನಂಗ ಅಷ್ಟ ಬೇಕಾಗಿತ್ತು."

ನ್ಯಾಯಾಧೀಶರು ನಗಲಿಲ್ಲ, ಆದರೆ ಪೆನ್ನಿನ ತುದಿಯನ್ನು ತುಟಿಗೆ ಒತ್ತಿಕೊಂಡರು. ಹಣಮಂತನಿಗೂ ದಂಡವಾಯಿತು. ಹೊರಗೆ ಬಂದಾಗ ಅವನು ಹತ್ತಿರ ಬಂದು "ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ ಅಕ್ಕಾರ" ಅಂದ. ನಾನು ಅವನಿಗೆ ನೀರಿನ ಬಾಟಲಿ ಕೊಟ್ಟೆ. ಅವನು ಕುಡಿದ, ಆಮೇಲೆ ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದು ಸ್ಪ್ರಿಂಗ್ ಮುಟ್ಟಿ ನೋಡಿದ.

ಆ ಮಧ್ಯಾಹ್ನ ರೋಣದಿಂದ ಅವ್ವನನ್ನು ಹಿಂದೆ ಕೂಡ್ರಿಸಿಕೊಂಡು ಹೊರಟೆ. ಸೆರಗಿನ ಮೇಲೆ ಹೆಲ್ಮೆಟ್ ಹಾಕಿಕೊಂಡ ಅವ್ವನನ್ನು ಕಂಡು ಅಣ್ಣ ನಕ್ಕು ನಕ್ಕು ಸುಸ್ತಾದ. ಊರು ದಾಟುವವರೆಗೂ ಅವ್ವ ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದಿದ್ದಳು. ಎರಡೂ ಕಡೆ ಹಿಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು, ಕಡಲೆ ಹೊಲ ಹೂಬಿಟ್ಟಿತ್ತು. ಬರುಬರುತ್ತ ಅವಳ ಹಿಡಿತ ಸಡಿಲಾಯಿತು. ಗುಡ್ಡ ಕಾಣುವ ಹೊತ್ತಿಗೆ ಒಂದು ಕೈ ಬಿಟ್ಟು, ದಾರಿಯಲ್ಲಿ ಹೋಗುತ್ತಿದ್ದ ಗುರುತಿನ ಹೆಂಗಸರಿಗೆಲ್ಲ "ನಮ್ಮ ಗಿರಿಜಾ ಹೊಡ್ಯಾಕತ್ಯಾಳ ನೋಡ್ರೇ!" ಎಂದು ಕೂಗುತ್ತಿದ್ದಳು.

ಬೇಸಿಗೆ ಶುರುವಾಗುವ ಮೊದಲು ಹಣಮಂತನ ಫೋನು ಬಂತು. ಅವನ ಓಣಿಯಲ್ಲಿ ಶಿವಪ್ಪ ಎಂಬ ದರ್ಜಿ ಇದ್ದನಂತೆ, ಎರಡೂ ಕಾಲಿಗೆ ಬಲವಿಲ್ಲದವನು. ಸ್ಕೂಟರಿಗೆ ಗಾಲಿ ಹಾಕಿಸಿಕೊಂಡಿದ್ದಾನೆ, ಆದರೆ ಪೊಲೀಸರು ಹಿಡಿಯುತ್ತಾರೆ ಎಂದು ಮನೆಯವರು ಹೊರಗೆ ಬಿಡುತ್ತಿಲ್ಲ. "ನೀವೊಮ್ಮಿ ಬಂದು ಹೇಳ್ರಿ ಅಕ್ಕಾರ. ನಮ್ಮ ನರಗುಂದಕ್ಕ ಬ್ರೇಕ್ ಇನ್ಸ್‌ಪೆಕ್ಟರ್ ಬರೂವರದಾರ."

ಶಾಲೆಗೆ ರಜೆ ಹಾಕಿದೆ. ಅವ್ವ ಕೇಳುವ ಮೊದಲೇ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. ರೋಣ ದಾಟಿ, ಮಲಪ್ರಭೆಯ ಕಾಲುವೆಗಳ ಪಕ್ಕ, ಅಷ್ಟು ದೂರ ನಾನು ಹಿಂದೆಂದೂ ಓಡಿಸಿರಲಿಲ್ಲ. ನಡುವೆ ಒಂದು ಕಡೆ ನಿಂತು ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ನರಗುಂದದ ಕ್ಯಾಂಪಿನಲ್ಲಿ ಶಿವಪ್ಪ ತನ್ನ ಗಾಡಿಯ ಪಕ್ಕದಲ್ಲಿ ಬೆವರುತ್ತ ಕೂತಿದ್ದ. ಇಲ್ಲಿಯ ಇನ್ಸ್‌ಪೆಕ್ಟರ್ ಬೇರೆಯವರು, ಹೊಸಬರು. ಶಿವಪ್ಪನ ಅರ್ಜಿಯನ್ನು ತಿರುಗಿಸಿ ನೋಡಿ "ಇದು ಎರಡು ಗಾಲಿದೋ ನಾಕು ಗಾಲಿದೋ, ಏನಂತ ಬರೀಲಿ?" ಅಂದರು. ಶಿವಪ್ಪ ನನ್ನ ಕಡೆ ತಿರುಗಿದ. ನಾನು ಮುಂದೆ ಹೋಗಿ, ಅಂಗವಿಕಲರಿಗಾಗಿ ಬದಲಾಯಿಸಿದ್ದು ಎಂದು ಸೇರಿಸಬಹುದು, ಅದಕ್ಕೆ ಏನೇನು ಇರಬೇಕು, ಸ್ಪ್ರಿಂಗ್ ಯಾಕೆ ಬೇಕು, ಕೆಂಪು ಪಟ್ಟಿ ಎಲ್ಲಿರಬೇಕು ಎಂದು ಒಂದೊಂದಾಗಿ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ನೀವು ಇವರ ವಕೀಲರೇನ್ರಿ?"

"ಅಲ್ರಿ ಸರ್" ಅಂದೆ. "ನಾ ಗಾಡಿ ಹೊಡಿಯಾಕಿ. ಗಜೇಂದ್ರಗಡದಿಂದ ಹೊಡ್ಕೊಂಡ ಬಂದೀನಿ."

ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಹಂಗಾದ್ರ ಮೊದ್ಲ ನಿಮ್ಮ ಗಾಡಿ ತೋರಸ್ರಿ, ಆಮ್ಯಾಲ ಇವರದ್ದು ನೋಡೂಣು."

ನಾನು ಮುಂದೆ ನಡೆದೆ.